ಪೆಟ್ಟಿಗೆಯೊಳಗಿನ ಸೀರೆ



ಯೊಪ್ಪ ಪಟ್ಟಣದಲ್ಲಿ ತಬಿಥಾಳು ತೀರಿಹೋದಾಗ, ಆಕೆಯು ಮಾಡಿಕೊಟ್ಟಿದ್ದ ವಸ್ತ್ರಗಳನ್ನು ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದರೆಂದು ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಓದುತ್ತೇವೆ. ಬಾಯಿ ಹೇಳಲಾರದ ಸಾಕ್ಷಿಯನ್ನು ಬಟ್ಟೆಯೇ ಹೇಳಿತು.

1841ರಲ್ಲಿ ಬಾಸೆಲ್ ಮಿಷನಿನ ಠಾಣ್ಯವಾದ ನಮ್ಮ ಬೆಟಗೇರಿಯು ನೇಕಾರರ ಊರು. ಇಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿಯೂ ತಾಯಿಯ ಲಗ್ನದ ಇಳಕಲ್ ಸೀರೆಯನ್ನು ಕಾಪಾಡಿಟ್ಟ ಮನೆಗಳುಂಟು. ನಾವು ಹೋದ ಒಂದು ಮನೆಯಲ್ಲಿ ವೃದ್ಧೆಯೊಬ್ಬಳು ಬಹುವರುಷಗಳ ಮೇಲೆ ಅಂಥ ಸೀರೆಯನ್ನು ಬಿಚ್ಚಿದಳು. ಅದು ಮಡಿಕೆಯ ಗೆರೆಯಲ್ಲಿಯೇ ಸೀಳಿತು. ಸೆರಗನ್ನು ನುಸಿ ತಿಂದಿತ್ತು. ಆಕೆಯು ಸತ್ತವರಿಗಾಗಿ ಅಳುವಂತೆ ಅತ್ತಳು.

ಕರ್ತನು ನುಸಿಯ ಮಾತನ್ನೆತ್ತಿದ್ದು ನಾವು ಬಟ್ಟೆಯಲ್ಲಿ ಹೃದಯವನ್ನಿಡಬಾರದೆಂದೇ ಹೊರತು, ಅದನ್ನು ಅಲಕ್ಷ್ಯ ಮಾಡಲೆಂದಲ್ಲ. ಹಾರುವ ನುಸಿಯು ತಿನ್ನುವದಿಲ್ಲ. ಅದರ ಮರಿಹುಳವು ರೇಶ್ಮೆಯನ್ನೂ ಉಣ್ಣೆಯ ಕಂಬಳಿಯನ್ನೂ ತಿನ್ನುವದು. ಬೆವರು, ಎಣ್ಣೆ, ಅನ್ನದ ಕಲೆ ಇದ್ದಲ್ಲಿ ಮೊದಲು ಬಾಯಿ ಹಾಕುವದು. ಪುಸ್ತಕ ತಿನ್ನುವ ಹುಳವು ಗಂಜಿಯನ್ನರಸಿ ಬರುವದು. ಆದದರಿಂದ ಗಂಜಿ ಹಾಕದೆ, ಶುದ್ಧಮಾಡಿ, ನೆರಳಲ್ಲಿ ಪೂರ್ಣವಾಗಿ ಒಣಗಿಸಿ ಇಡಿರಿ. ಒಗೆಯುವ ಮುಂಚೆ ಕೆಂಪು ಸೆರಗಿನ ಒಂದು ಮೂಲೆಗೆ ಒದ್ದೆಯ ಬಿಳೀ ಅರಿವೆಯನ್ನು ಒತ್ತಿ, ಬಣ್ಣ ಬಿಡುವದೋ ನೋಡಿರಿ. ಪ್ಲಾಸ್ಟಿಕ್ ಚೀಲವು ತೇವವನ್ನು ಹಿಡಿದಿಡುವದು. ಒಗೆದ ಹಳೇ ಹತ್ತಿಯ ಅರಿವೆಯಲ್ಲಿ ಸುತ್ತಿರಿ. ಕಬ್ಬಿಣದ ಟ್ರಂಕಿನ ಕಿಲುಬು ತಾಕದಂತೆ ಕೆಳಗೆ ಬಟ್ಟೆಯನ್ನು ಹಾಸಿರಿ. ನುಸಿಗುಳಿಗೆಯು ಜರಿಗೆ ಮುಟ್ಟದಿರಲಿ. ಮಳೆಗಾಲ ಕಳೆದ ಮೇಲೆ ಬಿಚ್ಚಿ ಗಾಳಿಗೆ ಹಿಡಿದು, ಹಳೇ ಗೆರೆಯನ್ನು ಬಿಟ್ಟು ಬೇರೆ ಕಡೆಯಲ್ಲಿ ಮಡಿಚಿರಿ.

ಪ್ರಿಯರೇ, ಕಲೆಯನ್ನು ಒಳಗೆ ಮಡಿಚಿಟ್ಟರೆ ನುಸಿಯನ್ನು ನಾವೇ ಕರೆದಂತೆ. ಸಹೋದರನ ಮೇಲಿನ ಸಿಟ್ಟನ್ನು ಮಡಿಚಿಟ್ಟವನ ಗತಿಯೂ ಅದೇ. ವರುಷಗಳ ಮೇಲೆ ಬಿಚ್ಚಿದಾಗ ಕೈಗೆ ಬರುವದು ತೂತುಗಳೇ.

ಇನ್ನೊಂದು ಮಾತು. ಯೆರೆಮೀಯನು ಬಾವಿಯ ಕೆಸರಿನಲ್ಲಿ ಹೂತುಹೋಗಿದ್ದಾಗ, ಎಬೆದ್ಮೆಲೆಕನು ಅರಮನೆಯ ಹಳೇ ಚಿಂದಿಬಟ್ಟೆಗಳನ್ನು ಇಳಿಬಿಟ್ಟನು. ಹಗ್ಗವು ಒತ್ತದಂತೆ ಅವನ್ನು ಕಂಕುಳಲ್ಲಿಟ್ಟುಕೊಂಡು ಪ್ರವಾದಿಯು ಮೇಲಕ್ಕೆ ಬಂದನು. ಹಳೇ ಬಟ್ಟೆಯೂ ದೇವರ ಕೆಲಸಕ್ಕೆ ಬರುವದು. ನೆನಪಿಗೆಂದು ಒಂದು ಸೀರೆಯನ್ನು ಉಳಿಸಿರಿ. ವರುಷಕ್ಕೊಮ್ಮೆ ಅದನ್ನು ಮಕ್ಕಳ ಮುಂದೆ ಬಿಚ್ಚಿ, ಉಟ್ಟವಳ ನಂಬಿಕೆಯನ್ನು ಹೇಳಿರಿ. ಉಳಿದವುಗಳಿಂದ ಕೌದಿ ಹೊಲಿದು ಚಳಿಯಲ್ಲಿ ನಡುಗುವ ನೆರೆಯವರಿಗೆ ಹೊದಿಸಿರಿ. ತಬಿಥಾಳ ವಸ್ತ್ರಗಳು ಆಕೆಯ ಪೆಟ್ಟಿಗೆಯಲ್ಲಿರಲಿಲ್ಲ, ವಿಧವೆಯರ ಬಳಿಯಲ್ಲಿದ್ದವು.

ಇಡುವ ವಿವೇಕವನ್ನೂ ಕೊಡುವ ಮನಸ್ಸನ್ನೂ ಕರ್ತನು ನಮಗೆ ದಯಪಾಲಿಸಲಿ. ಆಮೆನ್.