ಚೌಕಾಸಿಯೂ ಧರ್ಮವೂ

ಹೇಳಿದ ಬೆಲೆಗೆ ಒಪ್ಪದೆ ಕಡಮೆ ಮಾಡೆಂದು ಕೇಳುವುದು ಲೋಭವೇ, ಜಾಣತನವೇ, ಅಥವಾ ಗೃಹಸ್ಥನ ಕರ್ತವ್ಯವೇ? ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ತಿಂಗಳ ಮೊದಲ ವಾರ ವಿದ್ಯುತ್ತು, ದೂರವಾಣಿ, ಟೆಲಿವಿಷನ್ನುಗಳ ಲೆಕ್ಕ ಬರೆಯುವ ಯಾವ ಮನೆಯೂ ಇದರಿಂದ ತಪ್ಪಿಸಿಕೊಳ್ಳಲಾರದು. ಈ ವಿಷಯದಲ್ಲಿ ನಮ್ಮ ವಿದ್ಯಾವಂತರ ನಡತೆ ವಿಚಿತ್ರವಾದದ್ದು. ಸಕಲೇಶಪುರದ ಸಂತೆಯಲ್ಲಿ ಸೊಪ್ಪಿನ ಕಂತೆಗೆ ಎರಡು ರೂಪಾಯಿ ಬಿಡೆಂದು ಕಾಲು ಗಂಟೆ ವಾದಿಸುವವರೇ ಕಂಪನಿಯ ಬಿಲ್ಲಿನ ಮುಂದೆ ಮೌನಿಗಳಾಗುತ್ತಾರೆ. ಮೊದಲನೆಯದು ವ್ಯವಹಾರಜ್ಞಾನ, ಎರಡನೆಯದು ಮರ್ಯಾದೆ ಎಂದು ಅವರ ಎಣಿಕೆ. ನನಗೆ ಈ ಎಣಿಕೆ ತಲೆಕೆಳಗಾದದ್ದೆಂದು ತೋರುತ್ತದೆ.

ಚೌಕಾಸಿಯೆಲ್ಲ ಹೇಯವೆಂದು ನನ್ನ ಅಭಿಪ್ರಾಯವಲ್ಲ. ಅಳೆದು ಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಾಗಿ ಹಾಕುವುದಕ್ಕೆ ‘ಕೊಸರು’ ಎಂಬ ಹೆಸರನ್ನೇ ನಮ್ಮವರು ಇಟ್ಟಿದ್ದಾರೆ. ಕೇಳುವವರಿಗೂ ಕೊಡುವವರಿಗೂ ಅದರಲ್ಲಿ ಒಂದು ಸಲಿಗೆಯುಂಟು. ಮಾರುವವಳು ಆ ಹಿಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ಹೇಳಿರುತ್ತಾಳೆ. ಆದರೆ ಆಷಾಢದ ಸಾಯಂಕಾಲ ಮಳೆ ಹಿಡಿದಿದೆ, ಹಳ್ಳಿಯ ಕಡೆಯ ಬಸ್ಸು ಹೊರಡಲಿದೆ, ಬುಟ್ಟಿಯಲ್ಲಿ ಉಳಿದ ಸೊಪ್ಪು ಬೆಳಗಾದರೆ ಕೊಳೆಯುತ್ತದೆ ಎಂಬ ಸಮಯ ನೋಡಿ ಅರ್ಧ ಬೆಲೆಗೆ ಕೇಳುವುದು ಕೊಸರಲ್ಲ. ಆಗ ಅವಳಿಗೆ ‘ಒಲ್ಲೆ’ ಎನ್ನುವ ಶಕ್ತಿಯಿರುವುದಿಲ್ಲ. ಧರ್ಮಾಧರ್ಮವನ್ನು ಇಲ್ಲಿ ಅಳೆಯಬೇಕಾದದ್ದು ಆ ಶಕ್ತಿಯಿಂದಲೇ ಹೊರತು ಇಳಿದ ರೂಪಾಯಿಗಳಿಂದಲ್ಲ.

ಕೆಲಸಗಾರರ ವಿಷಯದಲ್ಲಿಯೂ ಇದೇ ಅಳತೆ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸುವವನಿಗೆ ಹತ್ತು ಮನೆಗಳಿಂದ ಕರೆ ಬಂದಿರುತ್ತದೆ. ನಮ್ಮ ಮಾತು ಹಿಡಿಸದಿದ್ದರೆ ಅವನು ಎದ್ದುಹೋಗಬಲ್ಲನು. ಅವನೊಡನೆ ಚರ್ಚೆ ಮಾಡಬಹುದು. ಅವನೇ ಶ್ರಾವಣದಲ್ಲಿ ಏನಾದರೂ ಕೆಲಸವುಂಟೇ ಎಂದು ಬಾಗಿಲಿಗೆ ಬಂದಾಗ ಕೂಲಿ ಇಳಿಸುವುದು ಬೇರೆಯೇ ಮಾತು. ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1942ರ ಶಾಸನದ ಮೇರೆಗೆ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕಾಲದಲ್ಲಿ ಬೆಳೆಗಾರನಿಗೆ ಚೌಕಾಸಿಯ ಅವಕಾಶವೇ ಇರಲಿಲ್ಲ. ಹಣ ಕಂತುಕಂತಾಗಿ ಬರುತ್ತದೆಂಬ ಗೊಣಗಾಟವೂ ಇತ್ತು. 1996ರಲ್ಲಿ ಮಾರುಕಟ್ಟೆ ಪೂರ್ತಿಯಾಗಿ ಬಿಡುಗಡೆಯಾಯಿತು. ಅಂದಿನಿಂದ ಮಾಲು ಕೂಡಿಡಬಲ್ಲವನು ಬೆಲೆ ಏರುವವರೆಗೆ ಕಾಯುತ್ತಾನೆ. ಬ್ಯಾಂಕಿನ ಕಂತು ಕುತ್ತಿಗೆಗೆ ಬಂದ ಎರಡೆಕರೆಯವನು ವ್ಯಾಪಾರಿ ಹೇಳಿದ ಬೆಲೆಗೆ ತೂಗಿಸುತ್ತಾನೆ. ಸ್ವಾತಂತ್ರ್ಯ ಇಬ್ಬರಿಗೂ ಸಮಾನವಾಗಿ ಬಂತು, ಕಾಯುವ ಬಲ ಬರಲಿಲ್ಲ.

ಇನ್ನು ಕಂಪನಿಯ ಬಿಲ್ಲು. ದೂರವಾಣಿಯ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿಯನ್ನು ಬದಲಾಯಿಸುವ ಹಕ್ಕು 2011ನೆಯ ಜನವರಿ 20ರಿಂದ ದೇಶದಲ್ಲೆಲ್ಲ ಗಿರಾಕಿಗೆ ದೊರೆತಿದೆ. ಬಿಟ್ಟುಹೋಗುತ್ತೇನೆಂದವನಿಗೆ, ಅದುವರೆಗೆ ಎಲ್ಲಿಯೂ ಕಾಣದಿದ್ದ ರಿಯಾಯಿತಿಯೊಂದು ತಟ್ಟನೆ ಕಾಣಿಸಿಕೊಳ್ಳುವುದುಂಟು. ಇಲ್ಲಿ ಕೇಳುವುದಕ್ಕೆ ನಾಚಬೇಕಾದದ್ದೇನೂ ಇಲ್ಲ. ಒಲ್ಲೆನೆನ್ನುವ ಶಕ್ತಿ ಕಂಪನಿಗೆ ಬೇಕಾದಷ್ಟಿದೆ. ನಮ್ಮ ಮಾತಿನಿಂದ ಯಾರ ಮನೆಯ ಒಲೆಯೂ ಆರುವುದಿಲ್ಲ. ಎರಡು ಎಚ್ಚರಿಕೆಗಳು ಮಾತ್ರ ಸಾಕು. ಬಿಡುವ ಮನಸ್ಸೇ ಇಲ್ಲದೆ ಬಿಡುತ್ತೇನೆನ್ನುವುದು ಸುಳ್ಳು. ಎದುರಿನವನು ದೊಡ್ಡವನೆಂಬ ಕಾರಣದಿಂದ ಸುಳ್ಳು ಸತ್ಯವಾಗದು. ತಂತಿಯ ಆಚೆ ಉತ್ತರ ಕೊಡುವ ಹುಡುಗಿಯೂ ಕಂಪನಿಯಲ್ಲ, ಸಂಬಳಕ್ಕೆ ದುಡಿಯುವವಳು. ಅವಳನ್ನು ಗದರಿಸುವುದು ಶೌರ್ಯವಲ್ಲ.

ಆದರೆ ನಿಜವಾದ ತೊಡಕು ಇನ್ನೊಂದಿದೆ. ಕೇಳಿದವನಿಗೆ ಮಾತ್ರ ಇಳಿಯುವ ದರವೆಂದರೆ ಕೇಳಲರಿಯದವರು ಪೂರ್ತಿಯಾಗಿ ತೆರುವ ದರವೆಂದೂ ಅರ್ಥವಾಗುತ್ತದೆ. ನಾವು ಉಳಿಸಿದ ನೂರು ರೂಪಾಯಿಯನ್ನು ಪಕ್ಕದ ಮನೆಯ ವೃದ್ಧೆ ಸದ್ದಿಲ್ಲದೆ ಕಟ್ಟುತ್ತಲೇ ಇದ್ದಾಳೆ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯ ಕಥೆಯಿದೆ. ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟುವವರೆಗೆ ನಿಶ್ಚಲನಾಗಿದ್ದು ಗರ್ವಪಟ್ಟ ಅವನು, ಧರ್ಮವನ್ನು ಕೇಳಲು ವಾರಾಣಸಿಯ ವರ್ತಕನಾದ ತುಲಾಧಾರನಲ್ಲಿಗೆ ಹೋಗಬೇಕಾಯಿತು. ಆ ವರ್ತಕನ ಹಿರಿಮೆಯೆಂದರೆ ಅವನ ತಕ್ಕಡಿ ಎಲ್ಲರಿಗೂ ಸಮವಾಗಿತ್ತೆಂಬುದು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿಯೂ ವರ್ತಕನ ಲಾಭಕ್ಕೆ ಮಿತಿಯನ್ನು ಹೇಳಿದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ಹತ್ತು. ಗಿರಾಕಿಯ ನಾಲಗೆಯ ಚುರುಕನ್ನು ನೋಡಿ ಬೆಲೆ ಕಟ್ಟುವುದನ್ನು ಕೌಟಿಲ್ಯನಂಥ ಲೋಕಜ್ಞನೂ ನೆಚ್ಚಿಕೊಳ್ಳಲಿಲ್ಲ. ನಮ್ಮ ಕಾಲದಲ್ಲಿಯೂ ಈ ಚರ್ಚೆ ನಡೆದಿದೆ. ಆಯ್ದ ಗಿರಾಕಿಗಳಿಗೆ ಕೊಡುವ ರಿಯಾಯಿತಿಗಳ ವಿವರವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಸಲ್ಲಿಸಬೇಕೆಂದು 2020ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು.

ಹಾಗಾದರೆ ರಿಯಾಯಿತಿಯನ್ನು ತಿರಸ್ಕರಿಸಬೇಕೆ? ಬೇಕಾಗಿಲ್ಲ, ನಾವು ತಿರಸ್ಕರಿಸಿದರೆ ವೃದ್ಧೆಗೆ ಬಂದ ಲಾಭವೇನು? ಪಡೆದದ್ದನ್ನು ಗುಟ್ಟಾಗಿ ಇಡಬಾರದು, ಅಷ್ಟೆ. ಜಗುಲಿಯ ಮೇಲೆ ಕುಳಿತು ಅವಳ ಬಿಲ್ಲನ್ನು ಓದಿ, ಅವಳ ಪರವಾಗಿ ಅದೇ ಮಾತನ್ನು ಕೇಳಿಸುವುದು ಅರ್ಧ ಗಂಟೆಯ ಕೆಲಸ. ‘ನನಗೊಬ್ಬನಿಗೇ ಸಿಕ್ಕಿತು’ ಎಂದು ಹೆಮ್ಮೆಪಡುವವನು ಜಾಣನಿರಬಹುದು. ನೆರೆಯವನೆಂಬ ಹೆಸರಿಗೆ ಅವನು ಅರ್ಹನೇ ಎಂಬುದು ನನ್ನ ಸಂಶಯ.

ವಿದ್ಯುತ್ತಿನ ದರದಲ್ಲಿಯಂತೂ ಒಬ್ಬೊಬ್ಬನ ಚೌಕಾಸಿಗೆ ಎಡೆಯೇ ಇಲ್ಲ. ಅಲ್ಲಿ ಬಹಿರಂಗವಾದ ಚೌಕಾಸಿಯೊಂದನ್ನು ಶಾಸನವೇ ಏರ್ಪಡಿಸಿದೆ, ನಾವು ಮರೆತಿದ್ದೇವೆ. ನಮ್ಮ ಜಿಲ್ಲೆಗೆ ವಿದ್ಯುತ್ತನ್ನು ಒದಗಿಸುವ ಚಾಮುಂಡೇಶ್ವರಿ ನಿಗಮವು ದರವನ್ನು ಬದಲಾಯಿಸಬೇಕಾದರೆ, 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಕೊಡತಕ್ಕದ್ದು. ಆ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಆಲೋಚಿಸಿದ ಮೇಲೆಯೇ ಆಯೋಗವು ಆಜ್ಞೆ ಮಾಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 64ನೆಯ ಕಲಮು ವಿಧಿಸುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದು ಅನೇಕರ ಬಿಲ್ಲು ಸೊನ್ನೆಯಾಯಿತು, ನಮಗೇಕೆ ಈ ಗೋಜು ಎನ್ನುವವರಿದ್ದಾರೆ. ದರ ಸೊನ್ನೆಯಾಗಲಿಲ್ಲ, ತೆರುವ ಕೈ ಸರ್ಕಾರದ್ದಾಯಿತು; ಸರ್ಕಾರದ ಬೊಕ್ಕಸವೂ ನಮ್ಮದೇ.

ಮಲೆಯ ಅಂಚಿನ ಹಳ್ಳಿಗಳಲ್ಲಿ ಮರ ಬಿದ್ದು ತಂತಿ ಹರಿದಾಗ ದೀಪವಿಲ್ಲದ ರಾತ್ರಿಗಳು ಕಳೆಯುತ್ತವೆ. ಮಂಜೂರಾದ ಹೊರೆಗೆ ಕಟ್ಟುವ ನಿಗದಿ ಶುಲ್ಕ ಮಾತ್ರ ಆ ರಾತ್ರಿಗಳನ್ನು ಲೆಕ್ಕಿಸುವುದಿಲ್ಲ. ಇದು ನ್ಯಾಯವೇ ಎಂದು ಕೇಳತಕ್ಕ ಸ್ಥಳ ಆಯೋಗದ ವಿಚಾರಣೆ. ಸಂತೆಯಲ್ಲಿ ಕಾಲು ಗಂಟೆ ವಾದಿಸಬಲ್ಲ ನಾವು ಅಲ್ಲಿಗೆ ಒಂದು ಲಿಖಿತ ಆಕ್ಷೇಪಣೆಯನ್ನು ಕಳುಹಿಸಬಹುದು. ಅದರೊಡನೆ ಸ್ವಂತ ಮನೆಯ ಬಿಲ್ಲನ್ನಷ್ಟೇ ಇಡದೆ, ಕೇರಿಯ ಹತ್ತು ಮನೆಗಳವರನ್ನು ಕೇಳಿ ಅವರ ಬಿಲ್ಲುಗಳನ್ನೂ, ದೀಪವಿಲ್ಲದ ದಿನಗಳ ಪಟ್ಟಿಯನ್ನೂ ಇಡಬಹುದು.