ಬೊಜ್ಜಿನ ಮೇಲೆ ಹೊರಿಸಿದ ಕಾರಣ

ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರಿಗಾದರೂ ಶುಗರ್ ಬಂತೆಂದರೆ ಎಲ್ಲರ ಕಣ್ಣು ಮೊದಲು ಹೊಟ್ಟೆಯ ಮೇಲೆ ಬೀಳುತ್ತದೆ. ಹೊಟ್ಟೆ ಇದ್ದವರಿಗೆ "ತಿಂದದ್ದು ಜಾಸ್ತಿ ಆತು" ಎಂಬ ತೀರ್ಪು. ಎರೆಹೊಲದಲ್ಲಿ ದುಡಿದು ಒಣಗಿದವರಿಗೆ "ನಿಮಗ್ಯಾಕ ಶುಗರ್ ಬರತೈತ್ರಿ" ಎಂಬ ಸಮಾಧಾನ. ಎರಡರ ಬುಡದಲ್ಲೂ ಬೊಜ್ಜೇ ಕಾರಣ ಎಂಬ ಒಂದೇ ನಂಬಿಕೆಯಿದೆ. ಕಾರಣ ಎಂಬ ಕಲ್ಪನೆಯನ್ನು ಹೀಗೆ ಸಡಿಲವಾಗಿ ಬಳಸಿದ್ದರಿಂದ ಒಬ್ಬರಿಗೆ ಅವಮಾನವಾಗುತ್ತಿದೆ, ಇನ್ನೊಬ್ಬರಿಗೆ ಅಪಾಯ ಒದಗುತ್ತಿದೆ.

ನ್ಯಾಯಶಾಸ್ತ್ರ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಾರ್ಯಕ್ಕೆ ಮೊದಲು ತಪ್ಪದೆ ಇರುವುದೇ ಕಾರಣ. ಆದರೆ ಅದು ಅನ್ಯಥಾಸಿದ್ಧವಾಗಿರಕೂಡದು, ಅಂದರೆ ಕಾರ್ಯಕ್ಕೆ ಅನಗತ್ಯವಾಗಿರಕೂಡದು. ಮಡಕೆಗೆ ಮಣ್ಣು ಕಾರಣ, ಕುಂಬಾರ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ, ಏಕೆಂದರೆ ಅದಿಲ್ಲದೆಯೂ ಮಡಕೆ ಆಗುತ್ತದೆ. ಇದ್ದಾಗ ಆಗುವುದು ಅನ್ವಯ, ಇಲ್ಲದಾಗ ಆಗದಿರುವುದು ವ್ಯತಿರೇಕ. ಜನ ಅನ್ವಯಕ್ಕೇ ನಿಂತುಬಿಡುತ್ತಾರೆ.

ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟರಾಲ್: ಈ ಐದರಲ್ಲಿ ಮೂರು ಹದ ತಪ್ಪಿದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಶುಗರ್ ಸೇರಿದ ಈ ಗುಂಪಿಗೆ ಬೊಜ್ಜೇ ಕಾರಣವೇ ಎಂದು ವ್ಯತಿರೇಕಕ್ಕೆ ಒಡ್ಡಿ ನೋಡಬೇಕು. ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಮೈಯಲ್ಲಿ ಕೊಬ್ಬಿನ ಅಂಗಾಂಶವೇ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಅಂಥವರಿಗೆ ಶುಗರ್ ಬರುವುದಿಲ್ಲವೇ? ಬರುತ್ತದೆ, ಘೋರವಾಗಿಯೇ ಬರುತ್ತದೆ. ಜೊತೆಗೆ ಯಕೃತ್ತಿನ ತುಂಬ ಕೊಬ್ಬು. ಇನ್ನೊಂದು ಸಾಕ್ಷ್ಯ 2004ರದು. ಅಮೆರಿಕದಲ್ಲಿ 15 ಸ್ಥೂಲ ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ತಲಾ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆದರು. ಇನ್ಸುಲಿನ್ನಿನ ಕೆಲಸವಾಗಲಿ ರಕ್ತದೊತ್ತಡವಾಗಲಿ ಸುಧಾರಿಸಲಿಲ್ಲ.

ಹಾಗಾದರೆ ಕೊಬ್ಬಿನ ಅಂಗಾಂಶ ಮಾಡುವುದೇನು? ಈ ಸೀಮೆಯ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆದರೆ ತಿಳಿಯುತ್ತದೆ. ಹಗೇವು ಗಟ್ಟಿಯಿದ್ದಷ್ಟು ಕಾಲ ಕಾಳು ಸುರಕ್ಷಿತ. ಅದು ತುಂಬಿ ತುಳುಕಿದರೆ, ಇಲ್ಲವೇ ಹಗೇವೇ ಚಿಕ್ಕದಿದ್ದರೆ, ಹೆಚ್ಚಿನ ಕಾಳು ಹೊರಗೆ ಬಿದ್ದು ಕೆಡುತ್ತದೆ. ಚರ್ಮದಡಿಯ ಕೊಬ್ಬು ಅಂಥ ಉಗ್ರಾಣ. ಅದಕ್ಕೆ ಹಿಡಿಸದ ಕೊಬ್ಬು ಕರುಳಿನ ಸುತ್ತ, ಯಕೃತ್ತಿಗೆ, ಸ್ನಾಯುವಿಗೆ ಸೇರಿ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ. ಉಬ್ಬಿದ ಕೊಬ್ಬಿನ ಕೋಶಗಳಲ್ಲಿ ಉರಿಯೂತ ಹುಟ್ಟುತ್ತದೆ. ಕೊಬ್ಬಿನ ಅಂಗಾಂಶ ಉಗ್ರಾಣವಷ್ಟೇ ಅಲ್ಲ, ಒಂದು ಗ್ರಂಥಿಯೂ ಹೌದು: ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನು ಅಲ್ಲೇ ತಯಾರಾಗುತ್ತದೆಂದು 1994ರಲ್ಲಿ ಗೊತ್ತಾಯಿತು. ಆದ್ದರಿಂದ ಕಾರಣವಿರುವುದು ಕೊಬ್ಬಿನ ತೂಕದಲ್ಲಲ್ಲ, ಅದರ ಜಾಗದಲ್ಲಿ ಮತ್ತು ಸೋತ ಕೆಲಸದಲ್ಲಿ. ಊಟ ಹದಕ್ಕೆ ತಂದು ಮೈ ಬಗ್ಗಿಸಿದರೆ ಗುಣ ಕಾಣುವುದರಲ್ಲಿ ಯಕೃತ್ತಿನ ಕೊಬ್ಬು ಕರಗುವುದರ ಪಾಲೂ ಇದೆ.

ತೂಕವನ್ನು ಪಟ್ಟಕ್ಕೆ ಕೂರಿಸಿದ ಲೆಕ್ಕದ ಬೇರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆಯಲ್ಲಿದೆ. ಖಗೋಳಜ್ಞನಾದ ಆತ 1830ರ ದಶಕದಲ್ಲಿ ಸರಾಸರಿ ಮನುಷ್ಯನನ್ನು ಕಲ್ಪಿಸಿ ಅವನನ್ನೇ ಆದರ್ಶವೆಂದು ಸಾರಿದ. ಎತ್ತರದ ವರ್ಗದಿಂದ ತೂಕವನ್ನು ಭಾಗಿಸುವ ಬಿಎಂಐ ಲೆಕ್ಕದ ಮೂಲವೂ ಅವನೇ. ಜನಸಮೂಹದ ಆ ಅಳತೆಯನ್ನು ಮುಂದಿನವರು ಒಬ್ಬೊಬ್ಬರ ಆರೋಗ್ಯದ ಮಾನದಂಡ ಮಾಡಿದ್ದು ತಪ್ಪು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯೂಡ್‌ಕಿನ್ 2004ರಲ್ಲಿ ತಮ್ಮ ಮೈಯನ್ನೇ ಪುರಾವೆಯಾಗಿ ಮುಂದಿಟ್ಟರು. ಇಬ್ಬರ ಬಿಎಂಐ 22.3. ಕೊಬ್ಬು ಮಾತ್ರ ಯೂಡ್‌ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಕೆಟ್ಲೆಯ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಬಿಎಂಐ ಲೆಕ್ಕದ ಸ್ಥೂಲರು ಶೇ. 28.6, ಹೊಟ್ಟೆಯ ಬೊಜ್ಜಿನವರು ಶೇ. 39.5. ತೂಕದ ಯಂತ್ರ ನಂಬಿ ಕುಳಿತವರಲ್ಲಿ ಎಷ್ಟೋ ಮಂದಿ ಈ ಅಂತರದಲ್ಲಿದ್ದಾರೆ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಎಚ್ಚರವಿರಲಿ. ಮೂವತ್ತು ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಗಜೇಂದ್ರಗಡದ ಮಗ್ಗದ ಮುಂದೆ ದಿನವಿಡೀ ಕೂರುವವರೂ ನರಗುಂದದ ಹೊಲದಲ್ಲಿ ದುಡಿಯುವ ಸಣಕಲು ಮೈಯವರೂ ಒಮ್ಮೆ ಅಲ್ಲಿಗೆ ಹೋಗಿಬರಬೇಕು.