ಅರ್ಧ ಸುಲಿದ ಕಾಯಿ

ಬಿತ್ತನೆ ಹತ್ತಿರವಾದರೆ ಮಡಕಶಿರಾ ಸೀಮೆಯ ಜಗಲಿಗಳಲ್ಲಿ ಕಡ್ಲೆಕಾಯಿ ಸುಲಿಯುವ ಸದ್ದು. ಮೂಟೆ ಬಿಚ್ಚಿ, ಅಳೆದು ಹಂಚುತ್ತಾರೆ. ಸುಲಿದವರು ಬೀಜ ಅಳೆದು ಒಪ್ಪಿಸುತ್ತಾರೆ. ಮಗು ಅತ್ತಿತೆಂದು ಒಬ್ಬಳು ಎದ್ದುಹೋದರೆ ಅವಳ ಮೊರ ಪಕ್ಕದವಳ ಮುಂದಕ್ಕೆ ಸರಿಯುತ್ತದೆ.

1999ರ ಮೇ 17ರಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಶುರುಮಾಡಿದ ಸೆಟಿ ಅಟ್ ಹೋಮ್ ಯೋಜನೆ ನನಗೆ ಅರ್ಥವಾದದ್ದು ಈ ಜಗಲಿಯ ಮೂಲಕವೇ. ಅರೆಸಿಬೊ ದೂರದರ್ಶಕ ಆಕಾಶದಿಂದ ಹಿಡಿದ ರೇಡಿಯೊ ಗದ್ದಲವನ್ನು 107 ಸೆಕೆಂಡಿನ ತುಣುಕು ಮಾಡಿ, ಸುಮ್ಮನೆ ಕೂತ ಮನೆ ಕಂಪ್ಯೂಟರುಗಳಿಗೆ ಹಂಚುತ್ತಿದ್ದರು. ಅನ್ಯಲೋಕದವರ ದನಿಯೇನಾದರೂ ಇದೆಯೇ ಎಂದು ಸೋಸುವ ಕೆಲಸ. 50 ಲಕ್ಷಕ್ಕೂ ಹೆಚ್ಚು ಜನ ಕೈಹಾಕಿದರು. ರಾಯದುರ್ಗದ ನಮ್ಮ ಮನೆಯ ಡಬ್ಬವೂ ಒಂದು ಕೈ.

ಕರೆಂಟು ಹೋಗುತ್ತಿತ್ತು. ಬಂದಾಗ ಅದು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿತ್ತು, ಆಗಾಗ ಲೆಕ್ಕವನ್ನು ಡಿಸ್ಕಿಗೆ ಬರೆದಿಡುತ್ತಿದ್ದರಿಂದ. ಒಂದೇ ತುಣುಕು ಇಬ್ಬರಿಗಾದರೂ ಹೋಗುತ್ತಿತ್ತು. ಗಡುವು ಮೀರಿದರೆ ಇನ್ನೊಬ್ಬರಿಗೆ. ಯಾರು ಯಾವಾಗ ಎದ್ದುಹೋಗುತ್ತಾರೋ ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ನಾನು ಕಂಡ ಸಂಘಸಂಸ್ಥೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ.

ಸಂಸ್ಥೆಗಳ ದೊಡ್ಡ ಕಂಪ್ಯೂಟರು, ಅಂದರೆ ಮೇನ್‌ಫ್ರೇಮಿನ ಜಾತಕವೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಸುಮಾರಿಗೆ ಬಂದ ಐಬಿಎಂ 360/44ರಂಥ ಯಂತ್ರಗಳ ಮುಂದೆ ಮನುಷ್ಯರೇ ಸರದಿ ಕಾಯಬೇಕಿತ್ತು. ಅದರ ನಿಮಿಷಕ್ಕೆ ಬೆಲೆ, ಬಿಡುವೆಂದರೆ ನಷ್ಟ. ನಿಲ್ಲಬಾರದು ಎಂಬುದೇ ಅದರ ಧರ್ಮ. 1964ರಲ್ಲಿ ಘೋಷಿಸಿದ ಸಿಸ್ಟಂ/360ಗೆ ಬರೆದ ಪ್ರೋಗ್ರಾಮುಗಳು ಇಂದಿನ ಅದರ ಮರಿಮಕ್ಕಳ ಮೇಲೂ ಓಡಬಲ್ಲವು. ಇಂಥ ಯಂತ್ರದ ಬಿಡುವನ್ನೂ ದಾನಕ್ಕೆ ಹಚ್ಚಲು ಹೊರಟವರಿದ್ದಾರೆ: ಮೇನ್‌ಫ್ರೇಮಿನಲ್ಲಿ ಲಿನಕ್ಸ್ ಕೂರಿಸಿ, ಸ್ವಯಂಸೇವಾ ಗಣನೆಯ ಬಾಯಿಂಕ್ ತಂತ್ರಾಂಶವನ್ನು ಅದರ ಜಾತಿಗೆ ತಕ್ಕಂತೆ ಕಂಪೈಲ್ ಮಾಡಿ. ಲಾಭದ ಲೆಕ್ಕದಲ್ಲಿ ಶುದ್ಧ ಹುಚ್ಚು. ಆನೆಯನ್ನು ಕಡ್ಲೆಕಾಯಿ ಸುಲಿಯಲು ಕೂರಿಸಿದ ಹಾಗೆ. ನನಗೇಕೋ ಅವರ ಮೇಲೆ ಪ್ರೀತಿ.

ಮೇನ್‌ಫ್ರೇಮಿನಂತೆ ಕದಲದ್ದು ಎಂದು ನಂಬಿದ್ದರ ಗತಿ ನಮ್ಮ ಗಡಿಯವರಿಗೆ ಗೊತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ. ಅನಂತ ಎಂಬ ಹೆಸರಿಗೂ ಎಲ್ಲೆ ಕಿರಿದಾಯಿತು! ಊರು ಎದ್ದು ಎಲ್ಲೂ ಹೋಗಲಿಲ್ಲ, ಲಕೋಟೆಯ ಮೇಲಿನ ಸಾಲು ಹೋಯಿತು. ನೊಳಂಬರು ರಾಜಧಾನಿಯೆಂದು ಕೂತ ಹೇಮಾವತಿಯೂ ಇದೇ ಸೀಮೆಯದು. ಅವರು ಕಡೆಸಿದ ಎಷ್ಟೋ ಶಿಲ್ಪ ಈಗ ಚೆನ್ನೈನ ಮ್ಯೂಸಿಯಮ್ಮಿನಲ್ಲಿ.

"ಮ್ಯಾಲಿನೋರು ಏನನ ಮಾತಾಡಿದ್ರೇನಪ್ಪಾ?" ಎಂದು ಅನ್ಯಲೋಕದವರ ವಿಷಯಕ್ಕೆ ದೊಡ್ಡಮ್ಮ ಒಮ್ಮೆ ಕೇಳಿದಳು.

"ಇಲ್ಲ ದೊಡ್ಡಮ್ಮಾ."

"ಎಲ್ಲಾ ಜೊಳ್ಳೇನಾ?" ಎಂದು ನಕ್ಕು, ಸಿಪ್ಪೆಯನ್ನು ಒಲೆಯ ಕಡೆ ತಳ್ಳಿದಳು.

2020ರ ಮಾರ್ಚ್ 31ಕ್ಕೆ ಬರ್ಕ್ಲಿಯವರು ತುಣುಕು ಹಂಚುವುದನ್ನು ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕವೇ ಕುಸಿದುಬಿತ್ತು. ನಮ್ಮ ಡಬ್ಬ ಅದಕ್ಕೂ ಎಷ್ಟೋ ಮೊದಲೇ ಅಟ್ಟ ಸೇರಿತ್ತು. ಅದರ ಡಿಸ್ಕಿನಲ್ಲಿ ಅರ್ಧ ಸುಲಿದ ತುಣುಕೊಂದು ಇನ್ನೂ ಇರಬೇಕು. ಗಡುವು ಮೀರಿದ ಮೇಲೆ ಅದರ ಜೋಡಿಯನ್ನು ಯಾವುದೋ ಊರಿನಲ್ಲಿ ಯಾರೋ ಮುಗಿಸಿ ಒಪ್ಪಿಸಿರುತ್ತಾರೆ.